ಸಂಜೆ ಆರರ ಹಸಿವಿಗೆ ಫ್ರಿಜ್ ಸಿದ್ಧವಿರಲಿ

ಬಹುತೇಕ ಮನೆಗಳಲ್ಲಿ ಊಟದ ಹೊತ್ತಿಗೆ ದೊಡ್ಡ ತಪ್ಪೇನೂ ಆಗುವುದಿಲ್ಲ. ಅನ್ನ, ಸಾರು, ಒಂದು ಪಲ್ಯ, ರಾತ್ರಿಗೆ ಚಪಾತಿಯೋ ಮುದ್ದೆಯೋ ಹೇಗೋ ನಡೆದುಹೋಗುತ್ತದೆ. ಎಡವಟ್ಟಾಗುವುದು ಎರಡು ಊಟಗಳ ನಡುವೆ. ಸಂಜೆ ಆರಕ್ಕೆ ಟ್ಯೂಷನ್ ಮುಗಿಸಿ ಬಂದ ಮಗ, ಎಂಟಕ್ಕೆ ಟ್ರಾಫಿಕ್ಕಿನಲ್ಲಿ ನಲುಗಿ ಬಂದ ಗಂಡ-ಹೆಂಡತಿ, ರಾತ್ರಿ ಹನ್ನೊಂದಕ್ಕೆ ಪರೀಕ್ಷೆಗೆ ಓದುತ್ತ ಕೂತ ಮಗಳು, ಎಲ್ಲರೂ ಮೊದಲು ತೆಗೆಯುವುದು ಫ್ರಿಜ್ ಬಾಗಿಲನ್ನೇ. ಆಗ ಕಣ್ಣಿಗೆ ಬಿದ್ದದ್ದು, ಬೇಯಿಸುವ ಗೋಜಿಲ್ಲದೆ ಕೈಗೆ ಸಿಕ್ಕಿದ್ದು ಹೊಟ್ಟೆಗೆ ಹೋಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ದೇಶವ್ಯಾಪಿ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಲ್ಲಿರುವವರು ಹಿಂದಕ್ಕೆ ಬರಬಹುದು. ಅದಕ್ಕೆ ದುಬಾರಿ ಡಯಟ್ ಬೇಕಿಲ್ಲ. ನಡುಹೊತ್ತಿನ ಹಸಿವಿಗೆ ಫ್ರಿಜ್‌ನಲ್ಲಿ ಸರಿಯಾದ ಉತ್ತರ ಸಿದ್ಧವಿದ್ದರೆ ಅರ್ಧ ಕೆಲಸ ಆದಂತೆ.

1. ಮೊದಲು ಬಾಗಿಲಿನ ತಟ್ಟೆಗಳನ್ನು ಖಾಲಿ ಮಾಡಿ

ಇಡೀ ಫ್ರಿಜ್ಜನ್ನು ಒಂದೇ ದಿನ ಸರಿಮಾಡಲು ಹೊರಟರೆ ಅರ್ಧಕ್ಕೇ ಸುಸ್ತಾಗುತ್ತದೆ. ಬಾಗಿಲಿನಲ್ಲಿರುವುದನ್ನಷ್ಟೇ ತೆಗೆದು ಊಟದ ಟೇಬಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ. ಟೊಮೆಟೊ ಸಾಸ್, ಚಿಲ್ಲಿ ಸಾಸ್, ಮೇಯನೇಸ್, ಪಿಜ್ಜಾ ಜೊತೆ ಬಂದ ಸಾಸಿನ ಪುಟ್ಟ ಪೊಟ್ಟಣಗಳು, ಗ್ಯಾಸ್ ಹೋದ ಅರ್ಧ ಬಾಟಲಿ ಕೋಲಾ, ರೋಸ್ ಸಿರಪ್, ಜಾಮ್, ಚಾಕೊಲೇಟ್ ಸ್ಪ್ರೆಡ್. ಅವಧಿ ಮುಗಿದದ್ದು ನೇರ ಕಸದ ಬುಟ್ಟಿಗೆ. ಉಳಿದವನ್ನು ಒಂದೊಂದಾಗಿ ತಿರುಗಿಸಿ ಹಿಂಬದಿಯ ಪಟ್ಟಿ ಓದಿ. ಯಾವ ಪದಾರ್ಥದ ತೂಕ ಹೆಚ್ಚೋ ಅದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಚಾಕೊಲೇಟ್ ಸ್ಪ್ರೆಡ್‌ನಲ್ಲಿ ಮೊದಲ ಎರಡು ಹೆಸರು ಸಾಮಾನ್ಯವಾಗಿ ಸಕ್ಕರೆ ಮತ್ತು ಎಣ್ಣೆ. ಮೇಯನೇಸಿನ ಬಹುಪಾಲು ಎಣ್ಣೆಯೇ. ಜಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ.

ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಮನಸ್ಸು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಇರುವುದನ್ನು ಮುಗಿಸಿ. ಮುಗಿದ ಬಾಟಲಿಯ ಬದಲು ಅದೇ ಬಾಟಲಿ ಮತ್ತೆ ತರದಿದ್ದರೆ ಸಾಕು.

2. ತೆರವಾದ ಜಾಗದಲ್ಲಿ ಕೂಡಲೇ ಇನ್ನೊಂದನ್ನು ಇಡಿ

ಬಹಳ ಮನೆಗಳಲ್ಲಿ ಪ್ರಯತ್ನ ಸೋಲುವುದು ಇಲ್ಲೇ. ಬೇಡದ್ದನ್ನೆಲ್ಲ ತೆಗೆದುಹಾಕುತ್ತಾರೆ, ಫ್ರಿಜ್ ಬಿಕೋ ಎನ್ನುತ್ತದೆ, ಮೂರನೆಯ ಸಂಜೆ ಮೊಬೈಲಿನಲ್ಲಿ ಆರ್ಡರ್ ಮಾಡಿದ ಚಿಪ್ಸು, ಕೋಲಾ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತವೆ. ಹಳೆಯದು ಎಷ್ಟು ಸುಲಭವಾಗಿ ಕೈಗೆ ಸಿಗುತ್ತಿತ್ತೋ ಹೊಸದೂ ಅಷ್ಟೇ ಸುಲಭವಾಗಿ ಸಿಗಬೇಕು. ತೊಳೆಯಬೇಕು, ಹೆಚ್ಚಬೇಕು, ಬೇಯಿಸಬೇಕು ಎಂದಾದರೆ ಹಸಿದವರು ಅದನ್ನು ಮುಟ್ಟುವುದಿಲ್ಲ. ಮುಂದಿನ ಸೂತ್ರಗಳಿಗೆಲ್ಲ ಇದೇ ಬುನಾದಿ.

3. ಬಾಟಲಿಯ ಪಾನೀಯದ ಜಾಗಕ್ಕೆ ಮಜ್ಜಿಗೆ

ಸಾಮಾನ್ಯ ಕೋಲಾದ 100 ಮಿಲಿಲೀಟರಿನಲ್ಲಿ ಸುಮಾರು 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. ಒಂದು ದೊಡ್ಡ ಲೋಟ, ಅಂದರೆ 300 ಮಿಲಿಲೀಟರ್ ಕುಡಿದರೆ ಆರೇಳು ಚಮಚ ಸಕ್ಕರೆ ಒಳಗೆ ಹೋದಂತೆ. ನಾವು ಸೇರಿಸುವ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ 10ನ್ನು ಮೀರಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದಿನಕ್ಕೆ 2000 ಕಿಲೊಕ್ಯಾಲರಿ ತಿನ್ನುವವರಿಗೆ ಶೇ 5 ಎಂದರೆ 25 ಗ್ರಾಂ. ಒಂದೇ ಲೋಟದಲ್ಲಿ ಆ ಲೆಕ್ಕ ಮೀರಿಹೋಯಿತು.

ಪೊಟ್ಟಣದ ಹಣ್ಣಿನ ರಸ ಕುಡಿದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಸಾಂದ್ರೀಕರಿಸಿದ ರಸಕ್ಕೆ ನೀರು ಬೆರೆಸಿ ಮಾಡಿದ ಪಾನೀಯದ ಮೇಲೆ ‘100% ಹಣ್ಣಿನ ರಸ’ ಎಂದು ಬರೆಯಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2024ರ ಜೂನ್‌ನಲ್ಲಿ ಸೂಚಿಸಬೇಕಾಯಿತು. ಇನ್ನು ‘ಡಯಟ್’ ಪಾನೀಯಗಳು. ತೂಕ ಇಳಿಸಲೆಂದು ಕೃತಕ ಸಿಹಿಯನ್ನು ನೆಚ್ಚಬೇಡಿ ಎಂಬ ಸಲಹೆ ವಿಶ್ವ ಆರೋಗ್ಯ ಸಂಸ್ಥೆಯಿಂದ 2023ರಲ್ಲಿ ಬಂದಿದೆ.

ಬದಲಿಗೆ ಒಂದು ಲೀಟರಿನ ಗಾಜಿನ ಬಾಟಲಿ ತನ್ನಿ. ಒಂದು ಬಟ್ಟಲು ಮೊಸರಿಗೆ ಮೂರು ಬಟ್ಟಲು ನೀರು, ಜಜ್ಜಿದ ಶುಂಠಿ, ಅರ್ಧ ಹಸಿಮೆಣಸಿನಕಾಯಿ, ಕರಿಬೇವು, ಇಂಗು, ಚಿಟಿಕೆ ಉಪ್ಪು. ಕಡೆದು, ಸೋಸಿ, ಬಾಟಲಿಗೆ ತುಂಬಿ ಕೋಲಾ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿ. ಕರಾವಳಿಯವರಿಗೆ ಪುನರ್ಪುಳಿ ಇದೆ. ಸಕ್ಕರೆ ಪಾಕದ ಸಿರಪ್ ಬೇಡ, ಒಣಸಿಪ್ಪೆ ನೆನೆಸಿದ ನೀರಿಗೆ ಜೀರಿಗೆ ಪುಡಿ, ಚೂರು ಉಪ್ಪು ಸಾಕು. ಮಂಡ್ಯ, ಹಾಸನದ ಕಡೆಯವರಿಗೆ ರಾಗಿ ಅಂಬಲಿಯ ರುಚಿ ಹೇಳಿಕೊಡಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ರಾತ್ರಿ ಗಂಜಿ ಕಾಯಿಸಿ ಆರಿಸಿಟ್ಟರೆ ಬೆಳಿಗ್ಗೆ ಮಜ್ಜಿಗೆ ಬೆರೆಸುವುದಷ್ಟೇ ಕೆಲಸ.

4. ಸಾಸಿಗೆ ಗೊಜ್ಜು, ಮೇಯನೇಸಿಗೆ ಗಟ್ಟಿ ಮೊಸರು

ಕೆಚಪ್‌ನಲ್ಲಿ ಸುಮಾರು ಕಾಲು ಭಾಗ ಸಕ್ಕರೆ. ಮಕ್ಕಳು ಅದನ್ನು ಚಪಾತಿಗೂ ದೋಸೆಗೂ ಹಚ್ಚಿಕೊಳ್ಳುವುದು ಹುಳಿ-ಸಿಹಿಯ ಆಸೆಗೆ. ಆ ಆಸೆಯನ್ನು ಟೊಮೆಟೊ ಗೊಜ್ಜು ಚೆನ್ನಾಗಿ ತೀರಿಸುತ್ತದೆ. ಚೆನ್ನಾಗಿ ಹಣ್ಣಾದ ಆರು ನಾಟಿ ಟೊಮೆಟೊ ಹೆಚ್ಚಿಕೊಳ್ಳಿ. ಎರಡು ಚಮಚ ಎಣ್ಣೆಗೆ ಸಾಸಿವೆ, ಇಂಗು, ನಾಲ್ಕೆಸಳು ಬೆಳ್ಳುಳ್ಳಿ ಹಾಕಿ, ಟೊಮೆಟೊ, ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ ಸೇರಿಸಿ. ಸಣ್ಣ ಉರಿಯಲ್ಲಿ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬಾಡಲಿ. ನೀರಿನಂಶ ಎಷ್ಟು ಆರುತ್ತದೋ ಅಷ್ಟು ದಿನ ಬಾಳುತ್ತದೆ. ಒಣ ಚಮಚ ಬಳಸಿದರೆ ಫ್ರಿಜ್‌ನಲ್ಲಿ ಒಂದು ವಾರಕ್ಕೆ ಮೋಸವಿಲ್ಲ. ಮಗುವಿಗೆ ಸಿಹಿ ಬೇಕೇ ಬೇಕೆಂದರೆ ಚೂರು ಬೆಲ್ಲ ಹಾಕಿ, ಆದರೆ ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ ಎಂಬುದು ನೆನಪಿರಲಿ.

ಸ್ಯಾಂಡ್‌ವಿಚ್ಚಿಗೆ ಮೇಯನೇಸಿನ ನುಣುಪು ಬೇಕೆನ್ನುವವರು ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೂರು ಗಂಟೆ ತೂಗುಬಿಡಿ. ಉಳಿದ ಗಟ್ಟಿಗೆ ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ನಾಲ್ಕು ಹನಿ ನಿಂಬೆರಸ. ಕೆಳಗೆ ಇಳಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಅದಕ್ಕಿಂತ ಒಳ್ಳೆಯದಿಲ್ಲ. ಬ್ರೆಡ್ಡಿನ ಮೇಲೆ ಜಾಮ್ ಹಚ್ಚುತ್ತಿದ್ದ ಜಾಗಕ್ಕೆ ಬಾಳೆಹಣ್ಣಿನ ಬಿಲ್ಲೆ ಅಥವಾ ಉತ್ತರ ಕರ್ನಾಟಕದ ಶೇಂಗಾ ಹಿಂಡಿ ಬರಲಿ. ಹಿಂಡಿಗೆ ಫ್ರಿಜ್ಜೂ ಬೇಡ.

5. ಮೊಸರು ಸಪ್ಪೆಯಾಗಿಯೇ ಮನೆಗೆ ಬರಲಿ

ಸ್ಟ್ರಾಬೆರಿ, ಮಾವಿನ ಪರಿಮಳದ ಯೋಗರ್ಟ್ ಕಪ್ಪುಗಳಲ್ಲಿ ಹಣ್ಣು ಕಡಿಮೆ, ಸಕ್ಕರೆ ಜಾಸ್ತಿ. ನಂದಿನಿಯ ನೀಲಿ ಪಾಕೆಟ್ ಹಾಲಿನಲ್ಲಿ ಶೇ 3 ಕೊಬ್ಬಿರುತ್ತದೆ. ಅದಕ್ಕೆ ಹೆಪ್ಪು ಹಾಕಿದ ಮೊಸರು ದಿನಬಳಕೆಗೆ ಧಾರಾಳ ಸಾಕು. ಸಿಹಿ ಬೇಕಾದಾಗ ಅದಕ್ಕೆ ದಾಳಿಂಬೆ ಕಾಳು ಬೆರೆಸಿ.

ಮೊಸರಿದ್ದರೆ ತಂಬುಳಿ ಇದ್ದಂತೆಯೇ. ಕುಂಡದಲ್ಲಿ ದೊಡ್ಡಪತ್ರೆ ಇದ್ದರೆ ಹತ್ತು ಎಲೆ ಕೊಯ್ದು, ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಒಂದು ಹಿಡಿ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ. ಈ ಮುದ್ದೆಯನ್ನು ಪುಟ್ಟ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಬೇಕಾದಾಗ ಮಜ್ಜಿಗೆಗೆ ಕದಡಿದರೆ ಮುಗಿಯಿತು. ಒಂದೆಲಗ, ಮೆಂತ್ಯ, ದಾಳಿಂಬೆ ಸಿಪ್ಪೆ, ಮಲೆನಾಡಿನ ಅಡುಗೆಮನೆಗೆ ಇದರಲ್ಲಿ ಬಡತನವೇ ಇಲ್ಲ. ಸುಡು ಬಿಸಿಲಿನ ಮಧ್ಯಾಹ್ನ ಇಷ್ಟು ತಂಪು, ಇಷ್ಟು ಹಗುರ ಇನ್ನೊಂದನ್ನು ನಾನಂತೂ ಕಂಡಿಲ್ಲ.

6. ಹಣ್ಣು, ತರಕಾರಿಯನ್ನು ಕಣ್ಣಳತೆಯ ತಟ್ಟೆಗೆ ಏರಿಸಿ

ಫ್ರಿಜ್ ಮಾಡುವವರು ತರಕಾರಿಗೆ ಅಡಿಯಲ್ಲಿ ಮುಚ್ಚಿದ ಟ್ರೇ ಕೊಟ್ಟಿದ್ದಾರೆ. ತೇವ ಉಳಿಯಲು ಅದು ಸರಿ, ಆದರೆ ಮುಚ್ಚಿದ ಟ್ರೇಯೊಳಗಿನ ಕ್ಯಾರೆಟ್ಟನ್ನು ನೆನಪಿಸಿಕೊಂಡು ತಿನ್ನುವವರು ಅಪರೂಪ. ಅಡುಗೆಯ ತರಕಾರಿ ಅಲ್ಲೇ ಇರಲಿ. ಹಸಿಯಾಗಿ ತಿನ್ನುವುದು ಮೇಲೆ ಬರಲಿ. ಕ್ಯಾರೆಟ್, ಮೂಲಂಗಿ, ನವಿಲುಕೋಸನ್ನು ಬೆರಳುದ್ದ ಹೆಚ್ಚಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಎರಡು ಮೂರು ದಿನ ಗರಿಗರಿಯಾಗಿರುತ್ತವೆ. ಸೌತೆಕಾಯಿಯನ್ನು ಆಯಾ ದಿನವೇ ಹೆಚ್ಚಿ. ಪರಂಗಿ ಹಣ್ಣಿನ ಹೋಳು, ಬಿಡಿಸಿದ ದಾಳಿಂಬೆ, ನಾಲ್ಕು ಭಾಗ ಮಾಡಿದ ಸೀಬೆಹಣ್ಣು ಗಾಜಿನ ಡಬ್ಬಿಯಲ್ಲಿ ಹೊರಗಿನಿಂದಲೇ ಕಾಣುವಂತಿರಲಿ. ದೂರದಿಂದ ಬರುವ ಕಿವಿ ಹಣ್ಣಿಗೆ ಮರುಳಾಗುವವರು ನಮ್ಮ ಸೀಬೆಯ 100 ಗ್ರಾಮಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ‘ಸಿ’ ಜೀವಸತ್ವವಿದೆ ಎಂಬುದನ್ನು ತಿಳಿದಿರಬೇಕು.

ಕೊತ್ತಂಬರಿ ಸೊಪ್ಪನ್ನು ತಂದ ಕೂಡಲೇ ತೊಳೆಯಬೇಡಿ. ಬೇರು ಕತ್ತರಿಸಿ, ಕೊಳೆತ ಎಲೆ ಆರಿಸಿ ತೆಗೆದು, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ವಾರ ಕಳೆದರೂ ಹಸಿರಾಗಿರುತ್ತದೆ. ಸಬ್ಬಸಿಗೆ, ಮೆಂತ್ಯಕ್ಕೂ ಇದೇ ಉಪಾಯ. ಈರುಳ್ಳಿ, ಆಲೂಗಡ್ಡೆ, ಬಾಳೆಹಣ್ಣು ಫ್ರಿಜ್‌ನಲ್ಲಿದ್ದರೆ ಇಂದೇ ಹೊರಗೆ ತೆಗೆಯಿರಿ. ಅವುಗಳಿಗೆ ಗಾಳಿಯಾಡುವ ಬುಟ್ಟಿಯೇ ಮೇಲು, ಫ್ರಿಜ್‌ನಲ್ಲಿ ಜಾಗವೂ ಉಳಿಯುತ್ತದೆ.

7. ಬೆಂದ ಕಾಳಿನ ಡಬ್ಬಿ ಯಾವತ್ತೂ ಇರಲಿ

ಈ ಪಟ್ಟಿಯಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ ಎನ್ನುತ್ತೇನೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ-ಸೊಪ್ಪು, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಇದೆ. ತಿಳಿಸಾರಿನ ಬೇಳೆಯಿಂದ 85 ಗ್ರಾಂ ತುಂಬುವುದಿಲ್ಲ. ನಮ್ಮ ಊಟದಲ್ಲಿ ಅನ್ನ ಹೆಚ್ಚಾಗಿ ಕಾಳು ಕಡಿಮೆಯಾಗಿದೆ, ಅದಕ್ಕೇ ಉಂಡು ಎರಡು ಗಂಟೆಗೆ ಮತ್ತೆ ಹಸಿವು.

ಭಾನುವಾರ ರಾತ್ರಿ ಅರ್ಧ ಕಿಲೊ ಕಡಲೆಕಾಳು ನೆನೆಹಾಕಿ. ಬೆಳಿಗ್ಗೆ ಚಿಟಿಕೆ ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿ, ನೀರು ಬಸಿದು, ಆರಿದ ಮೇಲೆ ಮೂರು ಪಾಲು ಮಾಡಿ. ಒಂದು ಪಾಲು ಫ್ರಿಜ್‌ಗೆ, ಎರಡು ಫ್ರೀಜರಿಗೆ. ಸಂಜೆ ಆರಕ್ಕೆ ಯಾರಿಗೆ ಹಸಿವಾದರೂ ಬಾಣಲೆಗೆ ಒಂದು ಚಮಚ ಎಣ್ಣೆ, ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ, ಎರಡು ಹಿಡಿ ಕಾಳು, ಮೇಲೆ ಕಾಯಿತುರಿ, ನಿಂಬೆ. ಐದು ನಿಮಿಷಕ್ಕೆ ಉಸಲಿ ತಯಾರು. ಹತ್ತನೇ ತರಗತಿಯ ಹುಡುಗನೂ ಮಾಡಿಕೊಳ್ಳಬಲ್ಲ. ಒಗ್ಗರಣೆಯೂ ಬೇಡವೆಂದರೆ ಈರುಳ್ಳಿ, ಟೊಮೆಟೊ, ಮಂಡಕ್ಕಿ ಸೇರಿಸಿ ಚುರುಮುರಿ ಮಾಡಿ. ಮುಂದಿನ ವಾರ ಅಲಸಂದೆ, ಅದರ ಮುಂದಿನ ವಾರ ಹುರುಳಿ. ಹುರುಳಿ ಕಟ್ಟನ್ನು ಬಸ್ಸಾರಿಗೆ ಎತ್ತಿಡುವುದನ್ನು ಹಳೇ ಮೈಸೂರಿನವರಿಗೆ ಹೇಳಬೇಕಿಲ್ಲ.

ಮಾಂಸಾಹಾರಿಗಳ ಫ್ರಿಜ್‌ನಲ್ಲಿ ಸಾಸೇಜ್, ಸಲಾಮಿ ಇದ್ದರೆ ಬದಲಿಸಬೇಕಾದ್ದು ಅದನ್ನೇ. ಸಂಸ್ಕರಿಸಿದ ಮಾಂಸ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲೇ ವರ್ಗೀಕರಿಸಿದೆ. ಸಿಪ್ಪೆ ಬಿಡಿಸದ ನಾಲ್ಕಾರು ಬೆಂದ ಮೊಟ್ಟೆ, ಮಸಾಲೆ ಸವರಿಟ್ಟ ತಾಜಾ ಬಂಗುಡೆ ಅಥವಾ ಭೂತಾಯಿ ಆ ಜಾಗ ತುಂಬಲಿ.

8. ಫ್ರೀಜರಿನಿಂದ ಕರಿಯುವ ಸಾಮಾನು ಹೊರಗೆ, ಸುಗ್ಗಿ ಒಳಗೆ

ಫ್ರೆಂಚ್ ಫ್ರೈಸ್, ನಗೆಟ್, ಮೈದಾ ಪರೋಟ. ಇವು ಅಲ್ಲಿದ್ದರೆ ಎಣ್ಣೆ ಬಾಣಲೆ ಒಲೆಗೇರುವುದು ಖಚಿತ. ಹೆಪ್ಪುಗಟ್ಟಿಸಿದ್ದೆಲ್ಲ ಕೆಟ್ಟದ್ದೆಂದು ಮಾತ್ರ ತಿಳಿಯಬೇಡಿ. ಹೆಪ್ಪುಗಟ್ಟಿಸಿದ ಬಟಾಣಿ ಒಳ್ಳೆಯ ತರಕಾರಿಯೇ.

ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ರಾಶಿ ಬಿದ್ದಾಗ ಎರಡು ಕಿಲೊ ಹೆಚ್ಚಿಗೆ ತಂದು, ಟಿವಿ ಮುಂದೆ ಕೂತು ಎಲ್ಲರೂ ಬಿಡಿಸಿ. ಕಾಳನ್ನು ಕುದಿನೀರಿನಲ್ಲಿ ಎರಡು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ನೀರಾರಿಸಿ ಪುಟ್ಟ ಪುಟ್ಟ ಚೀಲಗಳಲ್ಲಿ ಕಟ್ಟಿಡಿ. ಏಪ್ರಿಲ್ಲಿನಲ್ಲೂ ಉಪ್ಪಿಟ್ಟಿಗೆ ಅವರೆಕಾಳು ಬೀಳುತ್ತದೆ. ಹಸಿ ತೊಗರಿಗೂ ಇದೇ ವಿಧಾನ. ಕಾಯಿತುರಿ, ಬೇಯಿಸಿದ ಹಲಸಿನ ಬೀಜ ಕೂಡ ಫ್ರೀಜರಿನಲ್ಲಿ ಬಾಳುತ್ತವೆ. ಅಮೆರಿಕದಲ್ಲಿರುವ ನಮ್ಮವರು ಭಾರತೀಯ ಅಂಗಡಿಗಳ ಫ್ರೀಜರಿನಲ್ಲಿ ‘ಸೂರ್ತಿ ಪಾಪ್ಡಿ ಲಿಲ್ವಾ’ ಎಂಬ ಪೊಟ್ಟಣ ಹುಡುಕಲಿ. ಗುಜರಾತಿ ಹೆಸರಿನ ಕೆಳಗೆ ಅಲ್ಲಿರುವುದು ಅವರೆಕಾಳೇ.

9. ಮುಂಬದಿಯ ಚಿತ್ರ ಬಿಟ್ಟು ಹಿಂಬದಿ ಓದಿ

ಬ್ರೌನ್ ಬ್ರೆಡ್ಡಿನ ಮೊದಲ ಪದಾರ್ಥ ಸಂಸ್ಕರಿಸಿದ ಗೋಧಿ ಹಿಟ್ಟು ಎಂದಿದ್ದರೆ ಅದು ಮೈದಾ, ಬಣ್ಣ ಕ್ಯಾರಮೆಲ್‌ನದಾಗಿರಬಹುದು. ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ ಅದು ಐಸ್‌ಕ್ರೀಂ ಅಲ್ಲ, ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯಜನ್ಯ ಎಣ್ಣೆ ಇರುತ್ತದೆ. ‘ಸೇರಿಸಿದ ಸಕ್ಕರೆ’ ಎಂಬ ಸಾಲನ್ನು ತಪ್ಪದೆ ನೋಡಿ. ಮಕ್ಕಳಿಗೆ ಓದು ಬಂದ ದಿನದಿಂದ ಈ ಕೆಲಸ ಅವರಿಗೇ ಕೊಡಿ, ಪತ್ತೇದಾರರ ಉತ್ಸಾಹದಿಂದ ಮಾಡುತ್ತಾರೆ.

10. ಹಬ್ಬದ ಸಿಹಿ ಹಬ್ಬದ ದಿನಕ್ಕೆ

ಯುಗಾದಿಯ ಹೋಳಿಗೆ, ಗಣೇಶನ ಕಡುಬು ಬೇಡವೆನ್ನುವ ಬಾಳು ಬೇಡ. ಅವತ್ತು ತುಪ್ಪ ಹಾಕಿಕೊಂಡು ತೃಪ್ತಿಯಾಗಿ ತಿನ್ನಿ. ತೊಂದರೆ ಇರುವುದು ಉಳಿದ ಡಬ್ಬಿಯಲ್ಲಿ. ಯಾರೋ ತಂದುಕೊಟ್ಟ ಮೈಸೂರು ಪಾಕಿನ ಡಬ್ಬಿ ಹದಿನೈದು ದಿನ ಫ್ರಿಜ್‌ನಲ್ಲಿದ್ದರೆ ಹದಿನೈದು ದಿನವೂ ಹಬ್ಬ. ಮನೆಮಂದಿಗೆ ಒಂದೊಂದು ತೆಗೆದಿಟ್ಟು, ಮಿಕ್ಕಿದ್ದನ್ನು ಅದೇ ಸಂಜೆ ಅಕ್ಕಪಕ್ಕದವರಿಗೆ, ವಾಚ್‌ಮನ್‌ಗೆ, ಕೆಲಸಕ್ಕೆ ಬರುವವರಿಗೆ ಹಂಚಿಬಿಡಿ.

11. ನಮ್ಮದೆಂಬ ಕಾರಣಕ್ಕೆ ಉಪ್ಪಿಗೆ ವಿನಾಯಿತಿ ಬೇಡ

ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಸಾರು, ಪಲ್ಯದಲ್ಲೇ ಬಹುಪಾಲು ಮುಗಿದಿರುತ್ತದೆ. ಆಮೇಲೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸು. ಮಲೆನಾಡಿನ ಅಪ್ಪೆಮಿಡಿಯನ್ನು ಮನೆಯಿಂದ ಹೊರಹಾಕಿ ಎಂದು ಯಾರೂ ಹೇಳಲಾರರು, ನಾನಂತೂ ಹೇಳುವುದಿಲ್ಲ. ಆದರೆ ದೊಡ್ಡ ಭರಣಿಯಿಂದ ಒಂದು ವಾರಕ್ಕಾಗುವಷ್ಟನ್ನು ಮಾತ್ರ ಪುಟ್ಟ ಬಾಟಲಿಗೆ ತೆಗೆದಿಡಿ. ಬಿಪಿ ಇರುವವರು ಕೋಸಂಬರಿಗೆ ಉಪ್ಪಿನ ಬದಲು ನಿಂಬೆ, ಶುಂಠಿ, ಕಾಯಿತುರಿಯನ್ನು ಜೋರು ಮಾಡಿ ನೋಡಿ.

12. ತಣ್ಣಗಿದೆ ಎಂದು ನಂಬಿ ಕೂರಬೇಡಿ

ಫ್ರಿಜ್ ಒಳಗೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ, ಫ್ರೀಜರಿನಲ್ಲಿ ಮೈನಸ್ 18 ಇರಬೇಕು. ಬಾಗಿಲಿನ ಜಾಗ ಎಲ್ಲಕ್ಕಿಂತ ಬೆಚ್ಚಗಿರುತ್ತದೆ, ಹಾಲನ್ನು ಒಳಗಿನ ತಟ್ಟೆಯಲ್ಲಿಡಿ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ಅನ್ನದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಚಿತ್ರಾನ್ನಕ್ಕೆಂದು ಉಳಿಸುವ ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ, ಬೇಗ ಆರಿಸಿ ಒಳಗಿಡಿ. ಮೊಳಕೆ ಕಾಳನ್ನು ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಹಸಿಯಾಗಿ ಕೊಡದೆ ಹಬೆಯಲ್ಲಿ ಬೇಯಿಸಿ ಕೊಡಿ. ಕರೆಂಟ್ ಪದೇಪದೇ ಹೋಗುವ ಊರಾದರೆ ತಂಗಳನ್ನು ಮರುದಿನವೇ ಮುಗಿಸಿ.

13. ಕೆಲಸ ಹಂಚಿಕೊಳ್ಳಿ, ಇಲ್ಲವಾದರೆ ಇದು ನಿಲ್ಲುವುದಿಲ್ಲ

ಮೇಲೆ ಹೇಳಿದ್ದೆಲ್ಲ ಕೆಲಸ. ನೆನೆಹಾಕುವುದು, ಹೆಚ್ಚುವುದು, ಬಿಡಿಸುವುದು, ಡಬ್ಬಿ ತೊಳೆಯುವುದು. ಇದನ್ನೆಲ್ಲ ಮನೆಯಾಕೆಯ ದಿನಚರಿಗೆ ಸೇರಿಸಿ ಉಳಿದವರು ಆರೋಗ್ಯವಂತರಾಗಲು ಹೊರಟರೆ ಅದು ಅನ್ಯಾಯ. ಮನೆಯಾಕೆಯೂ ಕಚೇರಿಯಿಂದ ಎಂಟಕ್ಕೇ ಬಂದಿರುತ್ತಾರೆ. ಪೊಟ್ಟಣದ ತಿಂಡಿ ಎಷ್ಟೋ ಮನೆಗಳ ಫ್ರಿಜ್ಜಿಗೆ ಬಂದದ್ದೇ ಒಬ್ಬರಿಗೆ ಅಷ್ಟೊಂದು ಮಾಡಲಾಗದೆ. ಅದನ್ನು ಅವರ ಸೋಮಾರಿತನವೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಹಾಗಾಗಿ ಕೆಲಸಕ್ಕೆ ಹೆಸರು ಹಚ್ಚಿ. ಮಾರ್ಕೆಟ್ಟಿಗೆ ಹೋಗುವುದು, ಸೊಪ್ಪು ಸೋಸುವುದು ಅಪ್ಪನ ಪಾಲು. ಕಾಳು ನೆನೆಹಾಕುವುದು ಮಗನದು. ಹಣ್ಣು ಬಿಡಿಸಿ ಡಬ್ಬಿ ತುಂಬುವುದು ಮಗಳದು. ಅಜ್ಜ-ಅಜ್ಜಿ ಇದ್ದರೆ ಅವರೆಕಾಯಿ, ಬಟಾಣಿ ಬಿಡಿಸಲು ಅವರಷ್ಟು ನುರಿತ ಕೈ ಸಿಗದು. ಭಾನುವಾರ ಒಂದೂವರೆ ಗಂಟೆ ಎಲ್ಲರೂ ಕೂತರೆ ವಾರದ ತಯಾರಿ ಮುಗಿಯುತ್ತದೆ. ಅಷ್ಟೂ ಆಗದ ವಾರ ಹುರಿಗಡಲೆ, ಕಡಲೆಬೀಜ, ಬಾಳೆಹಣ್ಣು ತಂದಿಡಿ. ಅವುಗಳಿಗೆ ತಯಾರಿ ಬೇಕಿಲ್ಲ.

14. ಮನೆಯಲ್ಲಿ ಕಾಯಿಲೆಯವರಿದ್ದರೆ ವೈದ್ಯರ ಮಾತು ಮೊದಲು

ಕಿಡ್ನಿ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಮಿತಿ ಇರಬಹುದು. ಎಳನೀರು, ಬಾಳೆಹಣ್ಣು, ಕೆಲವು ಸೊಪ್ಪು, ಬೆಂದ ಕಾಳು ಅವರಿಗೆ ಅಪಾಯವಾದೀತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ತಿಂಡಿಯನ್ನು ಒಮ್ಮೆಲೇ ಬದಲಿಸಿದರೆ ಸಕ್ಕರೆ ಅಂಶ ಕುಸಿಯಬಹುದು, ಔಷಧದ ಪ್ರಮಾಣದ ಬಗ್ಗೆ ವೈದ್ಯರೊಂದಿಗೆ ಮಾತಾಡಿಯೇ ಮುಂದುವರಿಯಿರಿ. ಅಂಥವರ ಆಹಾರಕ್ಕೆ ಫ್ರಿಜ್‌ನಲ್ಲಿ ಒಂದು ತಟ್ಟೆ ಮೀಸಲಿಡಿ, ಡಬ್ಬಿಯ ಮೇಲೆ ಹೆಸರು, ತಾರೀಖು ಬರೆದು ಚೀಟಿ ಅಂಟಿಸಿ. ರಾತ್ರಿ ಹೊತ್ತು ಅವರೇ ಎದ್ದು ಬಂದರೂ ಯಾವುದನ್ನು ತೆಗೆದುಕೊಳ್ಳಬೇಕೆಂದು ಯಾರನ್ನೂ ಕೇಳುವಂತಾಗಬಾರದು.